ಸಿಂಧನೂರಿನ ಎರೆ ಮಣ್ಣಿನ ಮೇಲೆ ಸ್ವಿಮ್ ಸ್ಪಾ: ನಮಗೆ ಬಿದ್ದ ಖರ್ಚು

ಅವ್ವನ ಎರಡೂ ಮೊಣಕಾಲು ಸವೆದಿದ್ದವು. ಹೈದರಾಬಾದಿನ ಡಾಕ್ಟರು ಆಪರೇಷನ್ ಈಗಲೇ ಬೇಡ, ದಿನಾ ಇಪ್ಪತ್ತು ನಿಮಿಷ ಎದೆಮಟ್ಟದ ನೀರಲ್ಲಿ ನಡೀಲಿ ಅಂದರು. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳೋ ಭಾರ ಅರ್ಧಕ್ಕೆ ಇಳಿಯುತ್ತೆ, ಎದೆಮಟ್ಟ ಬಂದರೆ ಸುಮಾರು ಮೂರರಲ್ಲಿ ಒಂದು ಪಾಲು ಉಳಿಯುತ್ತೆ. ಸರಿ, ಆದರೆ ಎಪ್ಪತ್ತು ದಾಟಿದ ನಮ್ಮವ್ವ ಯಾವ ಈಜುಕೊಳಕ್ಕೆ ಹೋಗಿ ಇಳಿಯಬೇಕು? ಮನೆ ಹಿತ್ತಲಲ್ಲೇ ಏನಾದರೂ ಮಾಡೋಣ ಅಂತ ಅಣ್ಣ, ನಾನು ಕೂತು ಮಾತಾಡಿದೆವು. ಹಾಗೆ ಹುಡುಕ್ತಾ ಸಿಕ್ಕಿದ್ದು ಸ್ವಿಮ್ ಸ್ಪಾ. ಒಂದೇ ಅಚ್ಚಿನ ಅಕ್ರಿಲಿಕ್ ತೊಟ್ಟಿ, ಅದರ ಹೊಟ್ಟೆಯಲ್ಲೇ ಪಂಪು, ಹೀಟರು, ಫಿಲ್ಟರು. ಒಂದು ಕಡೆಯಿಂದ ನೀರು ಜೋರಾಗಿ ನುಗ್ಗುತ್ತೆ. ಅದಕ್ಕೆ ಎದುರಾಗಿ ಈಜಬಹುದು, ಇಲ್ಲಾ ಸುಮ್ನೆ ನಡೀಬಹುದು.

12 ಅಡಿಯಿಂದ 20 ಅಡಿ ಉದ್ದದವರೆಗೂ ಸಿಗುತ್ತವೆ. ಉದ್ದಕ್ಕಿಂತ ಪಂಪಿನ ತಾಕತ್ತಿಗೆ ಬೆಲೆ ಜಾಸ್ತಿ. ಈಜುಗಾರರಿಗೆ ಬೇಕಾದ ಜೋರು ಹರಿವು ನಮಗೆ ಬೇಕಿರಲಿಲ್ಲ, ಹಾಗಾಗಿ 13 ಅಡಿಯದು, ಎರಡು ಪಂಪಿನದು ಆರಿಸಿದೆವು. ಕೊಟೇಶನ್ 13 ಲಕ್ಷ 80 ಸಾವಿರ ಅಂತ ಬಂತು. ನಾವು ಮನಸ್ಸಲ್ಲಿ ಹದಿನಾಲ್ಕು ಲಕ್ಷ ಅಂತ ಇಟ್ಕೊಂಡೆವು. ಎಲ್ಲ ಮುಗಿದ ಮೇಲೆ ಲೆಕ್ಕದ ಪುಸ್ತಕ ನೋಡಿದರೆ 20 ಲಕ್ಷ 14 ಸಾವಿರ. ಅಂದರೆ ಕೊಟೇಶನ್ನಿನ ಮೇಲೆ ಆರೂಕಾಲು ಲಕ್ಷ ದಾಟಿತ್ತು. ಅದರಲ್ಲಿ 18% ಜಿಎಸ್‌ಟಿನೇ 2 ಲಕ್ಷ 48 ಸಾವಿರ, ಕೊಟೇಶನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ತೆರಿಗೆ ಪ್ರತ್ಯೇಕ' ಅಂತಿತ್ತು. ಉಳಿದದ್ದು ನಮ್ಮ ಮಣ್ಣು, ನಮ್ಮ ಕರೆಂಟು, ನಮ್ಮ ಬಿಸಿಲು ಕೇಳಿದ ದುಡ್ಡು.

ಮಣ್ಣಿನ ಕತೆ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ನಾವು ತಪ್ಪಿದ್ದು ಅಲ್ಲೇ. ತೊಟ್ಟಿ ಖಾಲಿ ಇದ್ದಾಗ ಮುಕ್ಕಾಲು ಟನ್. ನೀರು 4,800 ಲೀಟರ್. ಒಳಗೆ ಇಬ್ಬರು ನಿಂತರೆ ಹತ್ತಿರ ಹತ್ತಿರ ಆರು ಟನ್. ಮಾರಿದವರು ನಾಲ್ಕು ಇಂಚಿನ ಕಾಂಕ್ರೀಟ್ ಬೆಡ್ ಸಾಕು ಅಂದರು. 2024ರ ನವೆಂಬರಿನಲ್ಲಿ, ಮಳೆ ನಿಂತು ನೆಲ ಇನ್ನೂ ಹಸಿ ಇದ್ದಾಗ, ನಾವು ಎರೆ ಮಣ್ಣಿನ ಮೇಲೇ ಖಡಿ ಹಾಸಿ ಬೆಡ್ ಹಾಕಿಸಿಬಿಟ್ಟೆವು. 31 ಸಾವಿರ ಆಯ್ತು. ತೊಟ್ಟಿ ಬರೋದು ತಡವಾಯ್ತು, ಅದೇ ನಮ್ಮ ಪುಣ್ಯ. ಮಾರ್ಚ್ ಮುಗಿಯೋ ಹೊತ್ತಿಗೆ ಬೆಡ್ಡಿನ ಒಂದು ಮೂಲೆಯಿಂದ ನಡುವಿನವರೆಗೂ ಸೀಳು ಬಿಟ್ಟಿತ್ತು. ಬದಿಯ ನೆಲದಲ್ಲಿ ನನ್ನ ಅಂಗೈ ನೆಟ್ಟಗೆ ಇಳಿಯೋ ಅಷ್ಟು ಬಿರುಕು. ಹುಡುಗರಾಗಿದ್ದಾಗ ಹೊಲದಲ್ಲಿ ಇಂಥ ಬಿರುಕಿಗೆ ಜೋಳದ ದಂಟು ಇಳಿಸಿ ಆಳ ಅಳೀತಿದ್ದವರು ನಾವು. ಎರೆ ಭೂಮಿ ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ ಅನ್ನೋದನ್ನ ಯಾರೂ ನಮಗೆ ಕಲಿಸಬೇಕಿರಲಿಲ್ಲ.

ಎರಡನೇ ಸಲ ಬೇರೆ ಗೌಂಡಿಯನ್ನ ಕರೆಸಿದೆವು. ವಯಸ್ಸಾದವರು. ಬೆಡ್ಡನ್ನ ಕಾಲಲ್ಲಿ ಒತ್ತಿ ನೋಡಿ, "ಸಾವ್ಕಾರ್ರೆ, ಎರಿ ತೆಗೀದೆ ಮ್ಯಾಲೆ ಏನು ಹಾಕಿದ್ರೂ ನಿಲ್ಲಂಗಿಲ್ಲ ನೋಡ್ರಿ" ಅಂದರು. 15 ಅಡಿ ಉದ್ದ, 10 ಅಡಿ ಅಗಲ, ನಾಲ್ಕು ಅಡಿ ಆಳ ಎರೆ ಪೂರ್ತಿ ತೆಗೆಸಿ ಮರಂ, ಅಂದರೆ ಗೊರಚು ಮಣ್ಣು, ತುಂಬಿಸಿದರು. ಒಂದೇ ಸಲಕ್ಕೆ ಸುರಿಯೋ ಹಾಗಿಲ್ಲ. ಅರ್ಧ ಅಡಿ ಹಾಕೋದು, ನೀರು ಹೊಡೆಯೋದು, ಮಷೀನಿನಲ್ಲಿ ದಮ್ಮಸ್ಸು ಮಾಡೋದು, ಮತ್ತೆ ಅರ್ಧ ಅಡಿ. ಅದರ ಮೇಲೆ ಸಿಮೆಂಟ್ ಕಡಿಮೆ ಇರೋ ಬಡ ಕಾಂಕ್ರೀಟು, ಅದರ ಮೇಲೆ 10 ಎಂಎಂ ರಾಡಿನ ಜಾಲರಿ ಕಟ್ಟಿ ಆರು ಇಂಚಿನ ಬೆಡ್. ಕೊನೆಗೆ ಲೆವೆಲ್ ಪೈಪಿನಲ್ಲಿ ನೀರು ತುಂಬಿ ನಾಲ್ಕೂ ಮೂಲೆ ನೋಡಿದರು. ಒಂದು ಕಡೆ ಇಳಿಜಾರಾದರೆ ತೊಟ್ಟಿಯ ಮೈ ತಿರುಚಿಕೊಳ್ಳುತ್ತೆ, ಸೀಳುತ್ತೆ. ಇದಕ್ಕೆ 94 ಸಾವಿರ. ಈಗ ಒಂದು ಮಳೆಗಾಲ ಕಳೆದಿದೆ, ಕೂದಲೆಳೆ ಬಿರುಕೂ ಇಲ್ಲ.

ಸಾಗಾಣಿಕೆ 38 ಸಾವಿರ, ಇಳಿಸೋಕೆ ಹೈಡ್ರಾ ಕ್ರೇನಿಗೆ 9 ಸಾವಿರ. ತೊಟ್ಟಿ ಬಾಗಿಲಲ್ಲಿ ಹಿಡಿಸಲಿಲ್ಲ, ಕಾಂಪೌಂಡ್ ಗೋಡೆ ಹತ್ತು ಅಡಿ ಒಡೆದು ಮತ್ತೆ ಕಟ್ಟಿಸಿದ್ದಕ್ಕೆ 22 ಸಾವಿರ. ಓಣಿಯ ಅಗಲ, ತಲೆ ಮೇಲಿನ ಕರೆಂಟ್ ತಂತಿ ಎರಡನ್ನೂ ಮೊದಲೇ ಅಳೆದು ಫೋಟೋ ಕಳಿಸಿ. ಕ್ರೇನ್ ಬಂದು ವಾಪಸ್ ಹೋದರೂ ಬಾಡಿಗೆ ಕೊಡಲೇಬೇಕು. ಅವತ್ತು ಓಣಿಯ ಮಂದಿಯೆಲ್ಲ ಸೇರಿದ್ದರು. ಅವ್ವ ಬಂದು ಸುತ್ತ ನೋಡಿ, "ಯಪ್ಪಾ, ದನಕ್ಕ ನೀರು ಕುಡಿಸೋ ಬಾನಿ ಇದ್ದಂಗ ಐತಲ್ಲೋ" ಅಂದಳು.

ಕರೆಂಟಿನ ಕೆಲಸದಲ್ಲಿ ಮಾತ್ರ ಒಂದು ರೂಪಾಯಿನೂ ಉಳಿಸೋಕೆ ನೋಡಬೇಡಿ. ಹೀಟರ್ 3 ಕಿಲೋವ್ಯಾಟ್, ಮೂರು ಮೂರು ಎಚ್‌ಪಿಯ ಎರಡು ಪಂಪು. ಎಲ್ಲ ಒಟ್ಟಿಗೆ ಓಡಿದರೆ 32 ಆಂಪಿಯರ್ ಹತ್ತಿರ ಎಳೆಯುತ್ತೆ. ಮನೆಯ ಮಂಜೂರಾದ ಲೋಡ್ ಏರಿಸಬೇಕಾಯ್ತು. ಬೋರ್ಡಿನಿಂದ ಬೇರೆಯಾಗೇ 10 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಹೊಸ ಅರ್ಥಿಂಗ್ ಗುಂಡಿ, ಲೋಡ್ ಜಾಸ್ತಿಯಾದರೆ ಬೀಳೋ 40 ಆಂಪಿಯರ್ ಎಂಸಿಬಿ, ಎಲ್ಲಕ್ಕಿಂತ ಮುಖ್ಯವಾಗಿ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒದ್ದೆ ಮೈಯಲ್ಲಿ ನೀರೊಳಗೆ ನಿಂತವರನ್ನ ಕಾಯೋದು ಅದೇ. ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತಿದ್ದರಿಂದ ಸ್ಟೆಬಿಲೈಸರ್ ಕೂಡ ಹಾಕಿಸಿದೆವು. ಎಲ್ಲ ಸೇರಿ 78 ಸಾವಿರ. ಇನ್ನೊಂದು, ಗೃಹಜ್ಯೋತಿಯ ಉಚಿತ ಕರೆಂಟ್ ಮರೆತುಬಿಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಚಳಿಗಾಲದಲ್ಲಿ ಇದೊಂದೇ 450 ಯೂನಿಟ್ ತಿನ್ನುತ್ತೆ. 4,800 ಲೀಟರ್ ನೀರನ್ನ ಒಂದು ಡಿಗ್ರಿ ಏರಿಸೋಕೆ ಐದೂವರೆ ಯೂನಿಟ್, ಸುಮಾರು ಎರಡು ತಾಸು ಬೇಕು. ಹಾಗಾಗಿ ಮುಚ್ಚಳ ಹಾಕದೆ ಒಂದು ರಾತ್ರಿ ಬಿಟ್ಟರೂ ಆ ದುಡ್ಡು ಆವಿಯಾಗಿ ಹೋಗುತ್ತೆ.

ನೀರಿನ ವಿಷಯದಲ್ಲಿ ನನಗೆ ಮೊದಲಿಂದ ಅಳುಕಿತ್ತು. ನಾವು ಇದನ್ನ ಕೊಳ್ಳೋ ಮಾತಾಡ್ತಿದ್ದಾಗಲೇ, 2024ರ ಆಗಸ್ಟಿನಲ್ಲಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯ್ತು. ಎಡದಂಡೆ ಕಾಲುವೆ ನಂಬಿದ ಊರಿಗೆ ಊರೇ ಬೆಳೆ ಏನಾಗುತ್ತೋ ಅಂತ ಕೂತಿತ್ತು. ಅಂಥದರಲ್ಲಿ ಮನೆಯಲ್ಲಿ ನೀರಿನ ತೊಟ್ಟಿ ಇಡೋದು ಸರಿಯಾ ಅಂತ ರಾತ್ರಿ ಯೋಚನೆ ಬರ್ತಿತ್ತು. ಲೆಕ್ಕ ಹಾಕಿದ ಮೇಲೆ ಮನಸ್ಸಿಗೆ ಸಮಾಧಾನ ಆಯ್ತು. ನೀರು ಬದಲಾಯಿಸೋದು ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೆ ಮೂರು ಟ್ಯಾಂಕರ್. ಖಾಲಿ ಮಾಡೋ ಮುಂಚೆ ಎರಡು ಮೂರು ದಿನ ಕ್ಲೋರಿನ್ ಹಾಕದೆ ತೆರೆದಿಡ್ತೀವಿ, ಆಮೇಲೆ ಅದು ತೆಂಗಿನ ಗಿಡಗಳಿಗೆ ಹೋಗುತ್ತೆ.

ಬೋರಿನ ನೀರು ತುಂಬಬೇಡಿ. ನಮ್ಮದರ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪು-ಖನಿಜದ ಅಳತೆ, 1,600 ಇತ್ತು. ಮೊದಲ ಸಲ ಅದನ್ನೇ ತುಂಬಿದೆವು, ಎರಡೇ ತಿಂಗಳಲ್ಲಿ ಹೀಟರ್ ಬಿಸಿ ಮಾಡೋದು ನಿಧಾನ ಆಯ್ತು. ಬಿಚ್ಚಿದರೆ ರಾಡಿನ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಗಟ್ಟಿ ಪದರ, ಉಗುರಲ್ಲಿ ಕೆರೆದರೆ ಹೋಳು ಹೋಳಾಗಿ ಎದ್ದು ಬರ್ತಿತ್ತು. ಗಡಸು ನೀರು ಕಾದಷ್ಟೂ ಸುಣ್ಣ ಬಿಡುತ್ತೆ. ಈಗ ಕಾಲುವೆ ನೀರಿನ ಟ್ಯಾಂಕರ್ ತರಿಸಿ, ಒಂದು ದಿನ ಸಂಪಿನಲ್ಲಿ ತಿಳಿಯಾಗೋಕೆ ಬಿಟ್ಟು ತುಂಬ್ತೀವಿ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ, ಕ್ಲೋರಿನ್ 3ರಿಂದ 5 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇರಬೇಕು. ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡೋದು ಮಗಳ ಕೆಲಸ.

ಹೊರದೇಶದ ಲೆಕ್ಕಗಳೆಲ್ಲ ನೀರು ಕಾಯಿಸೋದರ ಬಗ್ಗೆನೇ ಇರುತ್ತವೆ. ನಮಗೆ ಏಪ್ರಿಲ್, ಮೇನಲ್ಲಿ ನೀರು ತಣ್ಣಗಾಗೋದೇ ಕಷ್ಟ. ತೊಟ್ಟಿ ಶಾಖ ಹೊರಗೆ ಬಿಡದ ಹಾಗೆ ಮಾಡಿರ್ತಾರೆ, ಪಂಪು ಓಡಿದರೂ ನೀರು ಕಾಯುತ್ತೆ. ಬಂದ ಮೊದಲ ವಾರ ಹೀಟರ್ ಹಾಕದೇ 37 ಡಿಗ್ರಿ ಇತ್ತು. ಅವ್ವನಿಗೆ ಬಿಪಿ ಇದೆ, ಆ ಬಿಸಿಯಲ್ಲಿ ಇಳಿಸೋಕೆ ಆಗಲಿಲ್ಲ. ಐಸ್ ಹಾಕಿ ಅಂದರು ಕೆಲವರು. 25 ಕೆಜಿಯ ಒಂದು ಗಡ್ಡೆ ಕರಗಿದರೂ ಅಷ್ಟು ನೀರು ಒಂದು ಡಿಗ್ರಿನೂ ಇಳಿಯಲ್ಲ. ಕೊನೆಗೆ ಮೇಲೆ ತಗಡಿನ ಶೆಡ್ಡು ಹಾಕಿಸಿ, ತಗಡಿನ ಕೆಳಗೆ ಥರ್ಮೋಕೋಲ್ ಹೊದಿಸಿ, ಪಡುವಣ ಕಡೆಗೆ ನೆರಳಿನ ಬಲೆ ಕಟ್ಟಿದೆವು, 96 ಸಾವಿರ. ಹಗಲು ಮುಚ್ಚಳ ಹಾಕಿ, ರಾತ್ರಿ ತೆಗೆದು ಪಂಪನ್ನ ಬೆಳಗಿನ ಜಾವ ಮಾತ್ರ ಓಡಿಸ್ತೀವಿ. ನಮ್ಮ ಒಣ ಗಾಳಿಗೆ ಮಡಿಕೆ ನೀರು ತಣ್ಣಗಾದ ಹಾಗೆ ಇದೂ ಇಳಿಯುತ್ತೆ. ಮುಚ್ಚಳ ತೆಗೆದ ರಾತ್ರಿ ಶೆಡ್ಡಿನ ಬಾಗಿಲಿಗೆ ಬೀಗ ಹಾಕಲೇಬೇಕು, ಮನೆಯಲ್ಲಿ ಮಕ್ಕಳಿದ್ದಾರೆ.

ಮೆಟ್ಟಿಲು, ಎರಡೂ ಕಡೆ ಸ್ಟೀಲ್ ಕಂಬಿ ಬೇರೆ ಮಾಡಿಸಿದ್ದಕ್ಕೆ 18 ಸಾವಿರ. ಜೊತೆಗೆ ಬಂದ ಮೆಟ್ಟಿಲು ಅವ್ವನ ಮೊಣಕಾಲಿಗೆ ಎತ್ತರ ಆಗಿತ್ತು. ಆರು ಇಂಚಿಗಿಂತ ಎತ್ತರ ಬೇಡ ಅಂತ ವೆಲ್ಡಿಂಗ್ ಅಂಗಡಿಯಲ್ಲಿ ನಿಂತು ಮಾಡಿಸಿದೆ.

ಬಟ್ಟೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಅವ್ವ ಮೊದಲ ದಿನ ನೈಟಿಯಲ್ಲಿ ಇಳಿದಳು. ನೈಟಿ ಗಾಳಿ ತುಂಬಿ ಬುಟ್ಟಿಯ ಹಾಗೆ ಮೇಲೆ ಬಂತು, ಅದರ ಅಂಚು ಫಿಲ್ಟರ್ ನೀರು ಎಳೆಯೋ ಜಾಗದ ಜಾಲರಿಗೆ ಹೋಗಿ ಅಂಟಿಕೊಂಡಿತು. ನಾನು ಪಕ್ಕದಲ್ಲೇ ಇದ್ದೆ, ಪಂಪು ಆಫ್ ಮಾಡಿದೆ, ಬಿಟ್ಟುಕೊಂಡಿತು. ಆದರೆ ನನ್ನ ಕೈ ನಡುಗ್ತಾ ಇತ್ತು. ಸಡಿಲ ಬಟ್ಟೆ, ಬಿಚ್ಚಿದ ಕೂದಲು ಆ ಜಾಲರಿಯ ಹತ್ತಿರ ಹೋಗಲೇಬಾರದು, ಜಾಲರಿ ಮುರಿದಿದ್ದರೆ ಪಂಪು ಹಾಕಲೇಬಾರದು. ಮರುದಿನವೇ ನನ್ನ ಹೆಂಡತಿ ಈಜುಡುಪಿನ ನೈಲಾನ್ ಬಟ್ಟೆ ತರಿಸಿ, ಮೊಣಕೈವರೆಗೆ ತೋಳು, ಪಾದದವರೆಗೆ ಪ್ಯಾಂಟು ಇರೋ ಹಾಗೆ ದರ್ಜಿಯ ಹತ್ತಿರ ಹೊಲಿಸಿದಳು. ಅವ್ವನಿಗೂ ಅದೇ ಸರಿ ಅನಿಸಿತು.

ತಿಂಗಳ ಖರ್ಚು ಡಿಸೆಂಬರ್, ಜನವರಿಯಲ್ಲಿ ಕರೆಂಟಿಗೇ 3 ಸಾವಿರ, ಬೇಸಿಗೆಯಲ್ಲಿ 900ರ ಸುತ್ತ. ಕ್ಲೋರಿನ್ ಮತ್ತೆ ಇತರ ಪುಡಿಗಳಿಗೆ 700. ಫಿಲ್ಟರನ್ನ ವಾರಕ್ಕೊಮ್ಮೆ ಬಿಚ್ಚಿ ಪೈಪಿನ ನೀರಲ್ಲಿ ತೊಳೀತೀನಿ. ಮುಂಗಾರಿಗೆ ಮುಂಚಿನ ಗಾಳಿ ದಿನಗಳಲ್ಲಿ ಅದರ ಮಡಿಕೆಗಳಿಂದ ಹೊಲದ ಕರಿ ಮಣ್ಣು ಇಳಿದು ಬರುತ್ತೆ, ಆಗ ಎರಡು ದಿನಕ್ಕೊಮ್ಮೆ ತೊಳೆಯಬೇಕು. ಅವ್ವ ಬೆಳಿಗ್ಗೆ ಆರಕ್ಕೆ ಇಳೀತಾಳೆ. ಕಂಬಿ ಹಿಡಿದು ಆ ಕಡೆಯಿಂದ ಈ ಕಡೆಗೆ, ಎಣಿಸಿಕೊಂಡು ನಲವತ್ತು ಸಲ. ಹೋದ ತಿಂಗಳಿಂದ ಕಂಬಿ ಹಿಡಿಯೋದು ಬಿಟ್ಟಿದ್ದಾಳೆ.