ಮಡಚುವ ಚಾಕು, ಬಾಳೆದಿಂಡು ಮತ್ತು ನನ್ನ ತೋರುಬೆರಳು

ಮುಂಬಯಿಯ ಮಾಟುಂಗಾದಲ್ಲಿದ್ದುಕೊಂಡು ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡುವುದು ನನ್ನ ಕೆಲಸ. ಊರು ಶಿರಸಿ ಕಡೆ. ಇಪ್ಪತ್ತು ವರ್ಷದಿಂದ ಪ್ಯಾಂಟಿನ ಬಲಜೇಬಿನಲ್ಲಿ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಆ ಜೇಬೇ ಮೊದಲು ಹರಿಯುತ್ತದೆ ಅಂತ ಹೆಂಡತಿ ಎಲ್ಲ ಪ್ಯಾಂಟಿಗೂ ಒಳಗಿನಿಂದ ತೇಪೆ ಹಾಕಿಟ್ಟಿದ್ದಾಳೆ.

ಬೆಳಗಿನ ಜಾವ ದಾದರ್ ಹೂವಿನ ಮಾರ್ಕೆಟ್ಟಿನಲ್ಲೇ ಅದರ ಕೆಲಸ ಶುರು. ಸೇವಂತಿಗೆಯ ಕಟ್ಟು ಹೊರಗಿನಿಂದ ಚೆನ್ನಾಗಿ ಕಾಣುತ್ತದೆ, ನಡುವೆ ಬಾಡಿದ್ದು ತುರುಕಿರುತ್ತಾರೆ. ಸುತಳಿ ಕತ್ತರಿಸಿ, ಬಿಡಿಸಿ ನೋಡಿಯೇ ನಾನು ದುಡ್ಡು ಕೊಡುವುದು. ಜರ್ಬೆರಾ, ಗುಲಾಬಿ ಕಡ್ಡಿಗೂ ಕತ್ತರಿಗಿಂತ ಚಾಕು ಒಳ್ಳೆಯದು. ಕತ್ತರಿ ಎರಡೂ ಕಡೆಯಿಂದ ಅಮುಕುತ್ತದೆ, ಕಡ್ಡಿ ಜಜ್ಜಿ ಹೋಗಿ ನೀರು ಮೇಲೇರುವುದಿಲ್ಲ. ಹರಿತವಾದ ಚಾಕುವಿನಲ್ಲಿ ಓರೆಯಾಗಿ ಒಂದೇ ಸಲ ಕೊಯ್ದರೆ ಹೂವು ಸಂಜೆಯವರೆಗೂ ತಾಜಾ. ಇನ್ನು ಏಣಿ ಹತ್ತುವಾಗ, ಲೋಕಲ್ ಟ್ರೇನಿನಲ್ಲಿ ನುಗ್ಗುವಾಗ ಅಲಗು ಹಿಡಿಕೆಯೊಳಗೆ ಸುಮ್ನೆ ಮಲಗಿರುತ್ತದಲ್ಲ, ಅದಕ್ಕಿಂತ ನೆಮ್ಮದಿ ಬೇರೆ ಬೇಕಾ?

ಆದರೆ ಮಡಚುವುದು ಎಲ್ಲಿಂದಲೋ, ತೊಂದರೆಯೂ ಅಲ್ಲಿಂದಲೇ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮಾಕೋಲ್ ಅಲಂಕಾರ ನಿಷೇಧಿಸಿತು. ಆಮೇಲೆ ನಮಗೆ ಬಾಳೆದಿಂಡು, ತೆಂಗಿನ ಗರಿಯ ಕೆಲಸ ಜಾಸ್ತಿಯಾಯಿತು. ಒಂದು ಮದುವೆಗೆ ದಿಂಡಿನಲ್ಲಿ ಹೂವಿನ ಕಡ್ಡಿ ಸಿಕ್ಕಿಸಲು ತೂತು ಮಾಡುತ್ತಿದ್ದೆ. ಮೊನೆ ಊರಿ ಒತ್ತಿದೆ. ಚಾಕು ಪಟ್ಟನೆ ನನ್ನ ಬೆರಳ ಮೇಲೇ ಮಡಚಿಕೊಂಡಿತು. ನೋವು ತಿಳಿಯುವ ಮೊದಲೇ ಅಳಿಯನ ಕೂಗು: "ಮಾವ, ಕೈ ಈಚೆ ತಗೊಳ್ಳಿ, ಬಿಳಿ ಸೇವಂತಿಗೆ ಮೇಲೆ ಬೀಳ್ತಾ ಇದೆ!" ಮೂರು ಹೊಲಿಗೆ ಬಿತ್ತು. ಹೂವು ಉಳಿಯಿತು.

ತಪ್ಪು ನನ್ನದೇ. ಅದು ಲಾಕ್ ಇಲ್ಲದ ಚಾಕು. ಬೆನ್ನಿನ ಸ್ಪ್ರಿಂಗು ಮಾತ್ರ ಅಲಗನ್ನು ಹಿಡಿದಿರುತ್ತದೆ. ಕೊಯ್ಯುವುದಕ್ಕೆ ಅದು ಸಾಕು, ಚುಚ್ಚುವುದಕ್ಕೆ ಸಾಲದು. ಆಮೇಲೆ ಲಾಕ್ ಇರುವುದನ್ನು ತಂದೆ. ತೆರೆದಾಗ ಒಳಗಿನ ತೆಳು ತಗಡು ಸರಿದು ಅಲಗಿನ ಹಿಂದೆ ನಿಲ್ಲುತ್ತದೆ. ಒಂದೇ ಕೈಯಲ್ಲಿ ತೆರೆಯಬಹುದು, ಮುಚ್ಚಬಹುದು. ಏಣಿಯ ಮೇಲೆ ಇದು ದೊಡ್ಡ ಉಪಕಾರ. ಆದರೆ ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಸಂದಿಯಲ್ಲಿ ಬಾಳೆಯ ಸೊನೆ ಅಂಟಿದರೆ ತಗಡು ಪೂರ್ತಿ ಸರಿಯುವುದೂ ಇಲ್ಲ. ಲಾಕ್ ಆಗಿದೆ ಅಂತ ನಾವು ನಂಬಿರುತ್ತೇವೆ, ಆಗಿರುವುದಿಲ್ಲ. ಲಾಕೇ ಇಲ್ಲದ್ದಕ್ಕಿಂತ ಇದು ಅಪಾಯ.

ಬಾಳೆಯ ಸೊನೆಯ ಕಾಟ ಕೊಯ್ದವರಿಗೇ ಗೊತ್ತು. ಕಾರ್ಬನ್ ಉಕ್ಕಿನ ಅಲಗಾದರೆ ಅರ್ಧ ಗಂಟೆಯಲ್ಲಿ ಕಪ್ಪು. ಹರಿತ ಮಾಡುವುದು ಸುಲಭ ಅಂತ ಅದನ್ನೇ ಇಟ್ಟುಕೊಂಡಿದ್ದೆ, ಮುಂಬಯಿ ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು. ಮರದ ಹಿಡಿಕೆಯದ್ದೊಂದಿತ್ತು. ಜುಲೈಯಲ್ಲಿ ಮರ ಉಬ್ಬಿ ಅಲಗು ಹೊರಗೇ ಬರಲಿಲ್ಲ. ಈಗ ಸ್ಟೇನ್‌ಲೆಸ್ ಅಲಗು, ಪ್ಲಾಸ್ಟಿಕ್ ಹಿಡಿಕೆ. ಚಂದ ಏನಿಲ್ಲ.

ಮೊದಮೊದಲು ಸಂದಿಗೆ ತೆಂಗಿನೆಣ್ಣೆ ಬಿಡುತ್ತಿದ್ದೆ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದಲ್ಲ, ಡಿಸೆಂಬರಿನ ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ ಚಾಕು ತೆರೆಯಲು ಉಗುರು ಮುರಿದುಕೊಂಡೆ. ಈಗ ಕೆಲಸ ಮುಗಿದ ಕೂಡಲೇ ಬಿಸಿನೀರು, ಸೋಪು, ಹಳೆ ಟೂತ್‌ಬ್ರಷ್. ಒರೆಸಿ, ಒಣಗಿಸಿ, ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ. ಸಾಣೆ ಮನೆಯಲ್ಲೇ, ನೀರು ಹಾಕಿ ಉಜ್ಜುವ ಸಾಣೆಕಲ್ಲಿನ ಮೇಲೆ. ಸೈಕಲ್ ತುಳಿದು ಸಾಣೆ ಹಿಡಿಯುವವನಿಗೆ ಒಮ್ಮೆ ಕೊಟ್ಟಿದ್ದೆ. ಕಿಡಿ ಹಾರುವುದು ನೋಡಲು ಚೆಂದವೇ, ಆದರೆ ಬಿಸಿಗೆ ಮೊನೆ ನೀಲಿಯಾಯಿತು. ನೀಲಿಯಾದ ಉಕ್ಕು ಮೆತ್ತಗಾಗುತ್ತದೆ, ಹರಿತ ನಿಲ್ಲುವುದಿಲ್ಲ.

ಪೊಲೀಸರ ವಿಷಯ ಎಲ್ಲರೂ ಕೇಳುತ್ತಾರೆ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೇಳಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು, ಅದರಲ್ಲೂ ಮನೆಕೆಲಸ, ಬೇಸಾಯದಂಥವಕ್ಕೆ ಮಾಡಿದ ಚಾಕುಗಳನ್ನು ಬಿಟ್ಟು. ನನ್ನದು 3 ಇಂಚು. ಹಾಗಂತ ಮೈಮರೆಯುವಂತಿಲ್ಲ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಆದೇಶ ಹೊರಡಿಸಿ ಚಾಕು ಒಯ್ಯುವುದನ್ನೇ ತಡೆಯಬಹುದು. ಒಂದು ಸಲ ನಾಕಾಬಂದಿಯಲ್ಲಿ ಜೇಬಿನಿಂದ ಚಾಕು ಸಿಕ್ಕಿತು. "ಹೇ ಕಾಯ್ ಆಹೆ?" (ಏನಿದು?) ಅಂದರು. ಇನ್ನೊಂದು ಕೈಯಲ್ಲಿದ್ದ ಗೊಂಡೆ ಹೂವಿನ ಚೀಲ ತೋರಿಸಿದೆ. ನಕ್ಕು ಬಿಟ್ಟರು. ಆಮೇಲಿಂದ ಅಂಥ ಆದೇಶವಿರುವ ದಿನಗಳಲ್ಲಿ ಚಾಕು ಸಾಮಾನಿನ ಡಬ್ಬಿಯೊಳಗೆ, ಟೆಂಪೋದಲ್ಲಿ ಬರುತ್ತದೆ. ವಿಮಾನದಲ್ಲಂತೂ ಕೈಚೀಲಕ್ಕೆ ಹಾಕಲೇಬಾರದು. ಗೋವಾದ ಮದುವೆಯೊಂದನ್ನು ಮುಗಿಸಿ ಬರುವಾಗ ಹಾಗೆ ಒಂದನ್ನು ಕಳೆದುಕೊಂಡಿದ್ದೇನೆ.

ಬಾಳೆದಿಂಡಿಗೆ ಈಗ ಮಡಚದ ಗಟ್ಟಿ ಚಾಕು ಬೇರೆಯೇ ಇದೆ. ಜೇಬಿನದ್ದು ಸುತಳಿಗೆ, ಕಡ್ಡಿಗೆ, ಮಧ್ಯಾಹ್ನ ಒಂದು ಪೇರಲೆ ಹಣ್ಣಿಗೆ. ಅಳಿಯ ಹೊಸದೊಂದು ತರಿಸುತ್ತೇನೆ ಅಂತ ಮೊಬೈಲಿನಲ್ಲಿ ಹಸಿರು ಹಿಡಿಕೆಯ ಚಾಕು ತೋರಿಸಿದ. ಬೇಡ ಮಾರಾಯ ಅಂದೆ. ಹಸಿರು ಹಿಡಿಕೆಯವು ಎರಡು ಎಲೆಗಳ ರಾಶಿಯ ಜೊತೆ ಕಸದ ಗಾಡಿ ಹತ್ತಿ ಹೋಗಿವೆ. ಕೆಂಪು ಹಿಡಿಕೆಯದ್ದು ಗುಲಾಬಿ ಎಸಳಿನಲ್ಲಿ ಮುಳುಗಿತು. ಈಗ ನೀಲಿ ಟೇಪು ಸುತ್ತಿದ್ದೇನೆ. ನಮ್ಮ ಮಂಟಪಗಳಲ್ಲಿ ನೀಲಿ ಹೂವು ಕೇಳುವವರು ಅಪರೂಪ.