ಬೆಣ್ಣೆ ಎಲ್ಲಿ ಹೋಯ್ತು?

ದಾವಣಗೆರೆಯ ಗಣಪತಿ ಪೆಂಡಾಲಿನಲ್ಲಿ ಮೂರು ಬಟ್ಟಲು-ಚೆಂಡಿನ ಜಾದೂ (ಬಟ್ಟಲ ಕೆಳಗಿಟ್ಟ ಚೆಂಡು ಮಾಯವಾಗೋ ಆಟ) ಮಾಡಿದಾಗ ನನ್ನ ಜೋಕಿಗೆ ಒಬ್ಬರೂ ನಗಲಿಲ್ಲ. ಹೇಗೆ ನಗ್ತಾರೆ? ವಿಡಿಯೊ ನೋಡಿ ಬಾಯಿಪಾಠ ಮಾಡಿದ ಮಾತು ಅದು. ಎರಡು ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ಬೆಂಚಲ್ಲಿ ಕೂತು ಜನ ಮಾತಾಡೋದು ಕೇಳಿದೆ. ಆಮೇಲೆ ಬಟ್ಟಲುಗಳನ್ನೇ ಬೆಣ್ಣೆದೋಸೆ ಹೋಟೆಲ್ ಮಾಡಿದೆ, ಚೆಂಡು ಬೆಣ್ಣೆ ಉಂಡೆ.

"ನೋಡ್ರಿ ಯಜಮಾನ್ರೇ, ದೋಸೆ ಬಂತು, ಬಿಲ್ಲೂ ಬಂತು, ಬೆಣ್ಣೆ ಮಾತ್ರ ಇಲ್ಲ!"

ನಕ್ಕರು. ಆದರೆ ನಗು ಏಳೋ ಮೊದಲೇ ನನ್ನ ಕೈ ಜೇಬಿನ ನಿಂಬೆಹಣ್ಣಿಗೆ ಹೋಗಿತ್ತು. ಮುಂದಿನ ಸಾಲಿನ ಪೋರ ಹಿಡಿದುಬಿಟ್ಟ. ಈಗ ಕಾಯ್ತೀನಿ. ನಗುತ್ತಾ ಪಕ್ಕದವರ ಮುಖ ನೋಡ್ತಾರಲ್ಲ, ಆ ಎರಡು ಸೆಕೆಂಡಿನಲ್ಲಿ ಬಟ್ಟಲೊಳಗೆ ನಿಂಬೆಹಣ್ಣು ಸೇರಿಸ್ತೀನಿ. ಎತ್ತಿದಾಗ:

"ಬೆಣ್ಣೆಗೆ ಯಾರದೋ ದೃಷ್ಟಿ ಬಿದ್ದೈತ್ರೀ!"