ಮಧ್ಯಾಹ್ನ ಎರಡಕ್ಕೆ ದಮ್ಮು ಕಟ್ಟುವ ಹಳೆಯ ಕಾರು: ಕಾರಣ ಹುಡುಕುವುದು ಹೇಗೆ?

ಏಪ್ರಿಲ್ ಬಂತೆಂದರೆ ಬಳ್ಳಾರಿಯ ಗ್ಯಾರೇಜುಗಳಲ್ಲಿ ಈ ದೂರು ಶುರುವಾಗುತ್ತದೆ: ‘ಗಾಡಿಗೆ ಪಿಕಪ್ಪೇ ಇಲ್ರಿ.’ ಬೆಳಿಗ್ಗೆ ಎಂಟಕ್ಕೆ ಸರಾಗವಾಗಿ ಓಡಿದ ಕಾರು ಮಧ್ಯಾಹ್ನ ಎರಡಕ್ಕೆ ಎಕ್ಸಿಲೇಟರ್ ತುಳಿದಷ್ಟೂ ಮುಗ್ಗರಿಸುತ್ತದೆ. ಸಂಜೆ ತಂಪಾದ ಮೇಲೆ ಮತ್ತೆ ಸರಿ. ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದು, ‘ಗಾಡಿ ಚಲೋ ಐತಲ್ರಿ ಸರ್’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆ ಹೊತ್ತಿಗೆ ಗಾಡಿ ಚಲೋನೇ ಇರುತ್ತದೆ.

ನಮ್ಮ ಮನೆಯ 1996ರ ಮಾರುತಿ 800, ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ಇರುವ ಕಾರು, ಹೀಗೆಯೇ ಎರಡು ಬೇಸಿಗೆ ಕಾಡಿತು. ತೋರಣಗಲ್ಲಿನ ಬಳಿ ಲಾರಿಗಳ ಸಾಲಿನಲ್ಲಿ ಹತ್ತು ನಿಮಿಷ ನಿಂತು ಸಂಡೂರಿನ ಕಡೆ ತಿರುಗಿದರೆ ಸಾಕು, ಎರಡನೇ ಗೇರಿನಲ್ಲೂ ಏರು ಹತ್ತುತ್ತಿರಲಿಲ್ಲ. ಪ್ಲಗ್ ಬದಲಾಯಿತು, ಕಾರ್ಬುರೇಟರ್ ಕಿಟ್ ಬದಲಾಯಿತು, ಸ್ಪಾರ್ಕಿಗೆ ವಿದ್ಯುತ್ ಒದಗಿಸುವ ಕಾಯಿಲ್ ಬದಲಾಯಿತು. ಕೊನೆಗೆ ಸಿಕ್ಕಿಬಿದ್ದದ್ದು ಗೇಣುದ್ದದ ಒಂದು ರಬ್ಬರ್ ಪೈಪು. ಬಿಸಿಲಿನ ದೋಷವನ್ನು ಬಿಸಿಯಲ್ಲೇ ಹುಡುಕಬೇಕು, ಯಾವ ಭಾಗ ಕೆಟ್ಟಿದೆ ಎನ್ನುವುದಕ್ಕಿಂತ ಮೊದಲು ಗಾಡಿ ಯಾವಾಗ ಎಳೆಯುವುದಿಲ್ಲ ಎಂದು ಕೇಳಬೇಕು ಎನ್ನುವುದನ್ನು ನಾನು ಕಲಿತದ್ದು ಹೀಗೆ.

ಸ್ವಲ್ಪ ಶಕ್ತಿ ಕುಗ್ಗುವುದು ಸಹಜ ಎಂಬುದನ್ನೂ ತಿಳಿದಿರಬೇಕು. ಗಾಳಿ ಕಾದಷ್ಟೂ ತೆಳುವಾಗುತ್ತದೆ. 25 ಡಿಗ್ರಿಯ ಗಾಳಿಗಿಂತ 43 ಡಿಗ್ರಿಯ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 6ರಷ್ಟು ಕಡಿಮೆ. 37 ಹಾರ್ಸ್‌ಪವರ್ ಆಸುಪಾಸಿನ 796 ಸಿಸಿ ಎಂಜಿನ್ನಿಗೆ ಇದು ಎರಡು ಹಾರ್ಸ್‌ಪವರ್ ನಷ್ಟ. ಎ.ಸಿ. ಹಾಕಿದರೆ ಕಂಪ್ರೆಸರ್ ಇನ್ನಷ್ಟು ನುಂಗುತ್ತದೆ. ಬಿಸಿಲಿನ ಹೊತ್ತಿನಲ್ಲೆಲ್ಲ ಒಂದೇ ಸಮನೆ ಕೊಂಚ ಮಂದ ಎನಿಸಿದರೆ ಅದು ರೋಗವಲ್ಲ. ಜರ್ಕ್ ಹೊಡೆಯುವುದು, ಮುಗ್ಗರಿಸುವುದು, ನಡುದಾರಿಯಲ್ಲಿ ಕೈಕೊಡುವುದು ರೋಗ.

ಮೊದಲು ಒಂದು ಚೀಟಿ

ಕಾರಿನಲ್ಲಿ ಒಂದು ಚೀಟಿ, ಪೆನ್ನು ಇಡಿ. ಎಳೆತ ಕುಗ್ಗಿದಾಗಲೆಲ್ಲ ಪಕ್ಕಕ್ಕೆ ನಿಲ್ಲಿಸಿ ಬರೆಯಿರಿ: ಗಂಟೆ ಎಷ್ಟು, ಎಷ್ಟು ದೂರ ಓಡಿತ್ತು, ಅದಕ್ಕೆ ಮೊದಲು ಗಾಡಿ ನಿಂತಿತ್ತೋ ಓಡುತ್ತಿತ್ತೋ, ಟೆಂಪರೇಚರ್ ಮುಳ್ಳು ಎಲ್ಲಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಎಷ್ಟು ಹೊತ್ತು ತಣಿದ ಮೇಲೆ ಸರಿಹೋಯಿತು.

ಒಂದು ವಾರದಲ್ಲಿ ಚೀಟಿಯೇ ಮಾತಾಡತೊಡಗುತ್ತದೆ. ರೈಲ್ವೆ ಗೇಟಿನಲ್ಲಿ ಕಾದು ಹೊರಟ ಕೂಡಲೇ ಮುಗ್ಗರಿಸಿದರೆ ಪೆಟ್ರೋಲ್ ಬರುವ ದಾರಿಯನ್ನು ನೋಡಿ. ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆರಿಸಿದಂತೆ ಒಮ್ಮೆಲೇ ಕಡಿತವಾದರೆ ಕಾಯಿಲ್ ಕಡೆ. ಮುಳ್ಳು ಏರಿದಂತೆ ಎಳೆತ ಇಳಿದರೆ ರೇಡಿಯೇಟರ್. ಹೊತ್ತುಗೊತ್ತಿಲ್ಲದೆ, ವೇಗ ಹೆಚ್ಚಿದಷ್ಟೂ ಉಸಿರು ಕಟ್ಟಿದರೆ ಏರ್ ಫಿಲ್ಟರ್ ಅಥವಾ ಸೈಲೆನ್ಸರ್.

ಬಾನೆಟ್ ಎತ್ತುವ ಮುಂಚೆ ಇನ್ನೆರಡು ನೋಡಿಬಿಡಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ, ಟಾಪ್ ಗೇರಿನಲ್ಲಿ ಎಕ್ಸಿಲೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಕೂಗು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಬ್ರೇಕ್ ಹೆಚ್ಚು ಬಳಸದೆ ಐದು ಕಿಲೋಮೀಟರ್ ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಧಗೆ ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಕೆಂಪು ಧೂಳಿನ ಊರಿನಲ್ಲಿ ಏರ್ ಫಿಲ್ಟರ್

ಕಂಪನಿ ಹೇಳಿದ ಕಿಲೋಮೀಟರ್ ಲೆಕ್ಕ ನಮ್ಮ ಕಡೆ ನಡೆಯುವುದಿಲ್ಲ. ಅದಿರು ಲಾರಿಗಳ ಹಿಂದೆ ಸಂಡೂರು, ತೋರಣಗಲ್ಲು ಸುತ್ತುವ ಕಾರಿನ ಫಿಲ್ಟರ್ ಒಂದೇ ಬೇಸಿಗೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕೊಪ್ಪಳದ ಗಿಣಿಗೇರಾ ಕಡೆ ಕಾರ್ಖಾನೆಯ ಕಪ್ಪು ಪುಡಿ, ರಾಯಚೂರಿನ ಶಕ್ತಿನಗರದ ಸುತ್ತ ಹಾರುಬೂದಿ. ಹೊಸ ಫಿಲ್ಟರ್ ಹಾಕಿ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ಓಡಿಸಿ ವ್ಯತ್ಯಾಸ ನೋಡಿ.

ಆದರೆ ಫಿಲ್ಟರ್ ತೆಗೆದಿಟ್ಟು ಓಡಿಸಿ ನೋಡೋಣ ಎನ್ನಬೇಡಿ. ಸಂಡೂರಿನ ಅದಿರು ಹೆಮಟೈಟ್, ಅಂದರೆ ಐರನ್ ಆಕ್ಸೈಡ್. ಬಂಗಾರಕ್ಕೆ, ಗಾಜಿಗೆ ಹೊಳಪು ಕೊಡಲು ಉಜ್ಜುವ ರೂಜ್ ಪುಡಿಯೂ ಇದೇ. ಅದು ಸಿಲಿಂಡರಿಗೆ ಹೋದರೆ ಪಿಸ್ಟನ್ ರಿಂಗುಗಳನ್ನು ದಿನದಿನವೂ ಸವೆಸುತ್ತದೆ.

ಹಲವು ಕಾರ್ಬುರೇಟರ್ ಕಾರುಗಳಲ್ಲಿ ಚಳಿಗಾಲಕ್ಕೆಂದು ಎಂಜಿನ್ನಿನ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಪಕ್ಕದ ಬಿಸಿ ಗಾಳಿಯನ್ನು ಏರ್ ಕ್ಲೀನರಿಗೆ ಎಳೆಯುವ ಏರ್ಪಾಡು ಇರುತ್ತದೆ. ಅದು ಬಿಸಿ ಗಾಳಿಯ ಕಡೆಗೇ ಸಿಕ್ಕಿಕೊಂಡಿದ್ದರೆ ಮೇ ತಿಂಗಳಲ್ಲಿ ಎಂಜಿನ್ ಕುಲುಮೆಯ ಗಾಳಿ ಕುಡಿಯುತ್ತಿರುತ್ತದೆ.

ಪೆಟ್ರೋಲ್ ಹಬೆಯಾದಾಗ

ಹಳೆಯ ಕಾರುಗಳ ಬೇಸಿಗೆ ಕಾಯಿಲೆಗಳಲ್ಲಿ ದೊಡ್ಡದು ಇದೇ. ಪೆಟ್ರೋಲ್ ಎನ್ನುವುದು ಹಲವು ದ್ರವಗಳ ಮಿಶ್ರಣ. ಅದರ ಹಗುರ ಭಾಗ 35-40 ಡಿಗ್ರಿಯಲ್ಲೇ ಕುದಿಯಲು ತೊಡಗುತ್ತದೆ. ಕಾರ್ಬುರೇಟರ್ ಕಾರಿನಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುತ್ತದೆ. ಹೀರುವಾಗ ಪೈಪಿನೊಳಗೆ ಒತ್ತಡ ಇಳಿಯುವುದರಿಂದ ಪೆಟ್ರೋಲ್ ಇನ್ನೂ ಬೇಗ ಹಬೆಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಹಬೆಯನ್ನಲ್ಲ. ಇದನ್ನೇ ಡ್ರೈವರುಗಳು ಏರ್ ಲಾಕ್ ಎನ್ನುತ್ತಾರೆ. ಗಾಡಿ ನಿಂತಾಗ ಎದುರುಗಾಳಿಯೂ ನಿಲ್ಲುತ್ತದೆ, ಬಾನೆಟ್ ಒಳಗಿನ ಕಾವು ಮೊದಲಿಗಿಂತ ಏರುತ್ತದೆ. ಹಾಗಾಗಿಯೇ ಗೇಟು ತೆರೆದ ಮೇಲೆ ತೊಂದರೆ.

ಪರೀಕ್ಷೆ ಹಳೆಯದು, ಅಂಬಾಸಿಡರ್ ಡ್ರೈವರುಗಳು ಮಾಡುತ್ತಿದ್ದದ್ದೇ. ಎಂಜಿನ್ ಆರಿಸಿ, ಪಂಪಿನ ಮೇಲೂ ಅದಕ್ಕೆ ಬರುವ ಪೈಪಿನ ಮೇಲೂ ಒದ್ದೆ ಬಟ್ಟೆ ಸುತ್ತಿ. ನೀರು ಕಾಯಿಲ್ ಮೇಲೆ, ಡೆಲ್ಕೋ (ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್) ಮೇಲೆ, ಕಾದ ಮ್ಯಾನಿಫೋಲ್ಡ್ ಮೇಲೆ ಬೀಳಬಾರದು. ಐದು ನಿಮಿಷದಲ್ಲಿ ಕಾರು ಮೊದಲಿನಂತೆ ಎಳೆದರೆ ಕಳ್ಳ ಸಿಕ್ಕ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ.

ನಮ್ಮ ಕಾರಿನಲ್ಲಿ ಆದದ್ದು ಇಷ್ಟೇ. ಯಾರೋ ಹಿಂದೊಮ್ಮೆ ಪೈಪ್ ಬದಲಿಸುವಾಗ ಗೇಣುದ್ದ ಹೆಚ್ಚಿಗೆ ಬಿಟ್ಟಿದ್ದರು. ಅದು ಬಾಗಿ ಎಂಜಿನ್ನಿನ ಬಿಸಿ ಭಾಗಕ್ಕೆ ಒರಗಿ ಕೂತಿತ್ತು. ಸರಿಯಾದ ಅಳತೆಯ ಹೊಸ ಪೈಪು ಹಾಕಿ, ಕ್ಲಿಪ್ಪಿನಿಂದ ದೂರಕ್ಕೆ ಎಳೆದು ಕಟ್ಟಿ, ಶಾಖ ತಡೆಯುವ ತೋಳು ತೊಡಿಸಿದೆವು. ಬಾನೆಟ್ ಎತ್ತಿ ಪೈಪಿನ ದಾರಿಯನ್ನು ಕಣ್ಣಿನಿಂದ ಹಿಂಬಾಲಿಸಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ಪೈಪ್ ಸರಿಯಿದ್ದರೆ ಟ್ಯಾಂಕಿನ ಮುಚ್ಚಳ ನೋಡಿ. ಮುಗ್ಗರಿಸಿದ ತಕ್ಷಣ ನಿಲ್ಲಿಸಿ ಮುಚ್ಚಳ ಸಡಿಲಿಸಿದಾಗ ಗಾಳಿ ಸುಸ್ಸೆಂದು ಒಳಕ್ಕೆ ಹೋಗಿ, ಆಮೇಲೆ ಕಾರು ಸರಿಯಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಬರುವ ರಂಧ್ರ ಕಟ್ಟಿದೆ. ಟ್ಯಾಂಕಿಗೆ ಪೆಟ್ರೋಲ್ ಮರಳಿಸುವ ರಿಟರ್ನ್ ಪೈಪ್ ಇರುವ ಕಾರಿನಲ್ಲಿ ಅದು ಕಟ್ಟಿಕೊಂಡರೂ ಹಬೆ ಹೊರಹೋಗಲು ದಾರಿಯಿರುವುದಿಲ್ಲ. ಇದಕ್ಕೆ ತಿರುವುಮುರುವಾದ ತೊಂದರೆಯೂ ಉಂಟು: ಕಾರ್ಬುರೇಟರಿನೊಳಗೆ ಪೆಟ್ರೋಲ್ ಕುದಿದು ಎಂಜಿನ್ನಿಗೆ ಉಕ್ಕುವುದು. ಆಗ ಪೆಟ್ರೋಲ್ ವಾಸನೆ, ಕಪ್ಪು ಹೊಗೆ, ಒದ್ದೆ ಪ್ಲಗ್. ಎಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ತಿಳಿಯಾಗುತ್ತದೆ.

ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಕೊಡುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ಇದಕ್ಕೆ ತಕ್ಕಂತೆ ಹಳೆಯ ಕಾರ್ಬುರೇಟರ್ ತಾನಾಗಿ ಹೊಂದಿಕೊಳ್ಳಲಾರದು, ಹಳೆಯ ರಬ್ಬರ್ ಪೈಪುಗಳೂ ತಾಳಲಾರವು. ಇಪ್ಪತ್ತು ವರ್ಷದ ಪೈಪುಗಳನ್ನು ಒಮ್ಮೆ ಪೂರ್ತಿ ಬದಲಿಸಿಬಿಡಿ.

ಕಾಯಿಲ್: ತಣ್ಣಗೆ ಒಮ್ಮೆ, ಬಿಸಿಯಲ್ಲಿ ಒಮ್ಮೆ

ಒದ್ದೆ ಬಟ್ಟೆಗೆ ಬಗ್ಗದಿದ್ದರೆ ಸ್ಪಾರ್ಕ್ ನೋಡಬೇಕು. ಕಾಯಿಲ್ ಒಳಗಿನ ತಂತಿ ತಾಮ್ರ, ಕಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. 60 ಡಿಗ್ರಿ ಹೆಚ್ಚಿದರೆ ಕಾಲು ಭಾಗದಷ್ಟು ಏರುವುದು ಲೆಕ್ಕ. ಬೆಳಿಗ್ಗೆ ತಂತಿ ಬಿಡಿಸಿ, ಮಲ್ಟಿಮೀಟರಿನಲ್ಲಿ ಅಳೆದು ಬರೆದಿಡಿ. ಕೈಕೊಟ್ಟ ಕ್ಷಣದಲ್ಲಿ ಮತ್ತೆ ಅಳೆಯಿರಿ. 1.5 ಓಮ್ ಇದ್ದದ್ದು 1.8 ಆದರೆ ಕಾಯಿಲ್ ತಂತಿ ಗಟ್ಟಿಯಿದೆ. ಮೀಟರು ಏನನ್ನೂ ತೋರದಿದ್ದರೆ ಒಳಗಿನ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಂಡಿದೆ, ತಣಿದ ಮೇಲೆ ಮತ್ತೆ ಕೂಡುತ್ತದೆ. ಬೆಳಗಿನ ಪರೀಕ್ಷೆಗೆ ಇದು ಎಂದೂ ಸಿಕ್ಕುವುದಿಲ್ಲ. ಕಾಯಿಲ್ ಸರಿಯಿದ್ದೂ ಸ್ಪಾರ್ಕ್ ಇಲ್ಲದಿದ್ದರೆ ಕಾಯಿಲ್‌ಗೆ ಕರೆಂಟ್ ಬಿಟ್ಟು ಕಡಿಯುವ ಇಗ್ನಿಷನ್ ಮಾಡ್ಯೂಲ್ ಕಡೆ ತಿರುಗಿ. ಓಡುತ್ತಿರುವ ಎಂಜಿನ್ನಿನ ಪ್ಲಗ್ ವಯರನ್ನು ಕೈಯಿಂದ ಕೀಳಬೇಡಿ, ಸ್ಪಾರ್ಕ್ ಟೆಸ್ಟರ್ ಬಳಸಿ.

ಬೋರಿನ ನೀರು ಕುಡಿದ ರೇಡಿಯೇಟರ್

ಊರೊಳಗೆ ನಿಧಾನಕ್ಕೆ ಹೋಗುವಾಗ ಕಾದು, ಹೈವೇಯಲ್ಲಿ ತಣ್ಣಗಾದರೆ ಫ್ಯಾನ್ ತಿರುಗುತ್ತಿಲ್ಲ. ಊರೊಳಗೆ ಸರಿಯಿದ್ದು, ಕೊಪ್ಪಳದ ಕಡೆ ಹೈವೇಯಲ್ಲಿ ವೇಗ ಹೆಚ್ಚಿಸಿದಾಗ ಕಾದರೆ ರೇಡಿಯೇಟರ್ ಕಟ್ಟಿದೆ. ನಮ್ಮ ಬೋರ್‌ವೆಲ್ಲುಗಳ ಗಡಸು ನೀರು ಚಹಾ ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರವನ್ನೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಬಿಡುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ. ಮುಚ್ಚಳದ ರಬ್ಬರನ್ನೂ ನೋಡಿ. ಅದು ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟರೆ ನೀರು 118 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ, ಹಿಡಿಯದಿದ್ದರೆ 100ಕ್ಕೇ ಕುದಿಯುತ್ತದೆ. ಮುಚ್ಚಳ ತೆಗೆಯುವುದು ಎಂಜಿನ್ ಪೂರ್ತಿ ತಣಿದ ಮೇಲೆ ಮಾತ್ರ. ಈ ಒಂದು ತಪ್ಪಿನಿಂದ ಮುಖ, ಕೈ ಸುಟ್ಟುಕೊಂಡವರು ಎಷ್ಟೋ ಮಂದಿ.

ಎಂಪಿಎಫ್‌ಐ ಕಾರಾದರೆ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಕಾರಾದರೆ, ಪಂಪು ಟ್ಯಾಂಕಿನೊಳಗೇ ಇರುತ್ತದೆ, ಸುತ್ತಲಿನ ಪೆಟ್ರೋಲೇ ಅದನ್ನು ತಣಿಸುತ್ತದೆ. ಚೀಟಿಯಲ್ಲಿ ‘ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ’ ಎಂದು ಮತ್ತೆ ಮತ್ತೆ ಬಂದಿದ್ದರೆ ಗಾಡಿ ಬಿಸಿಯಿದ್ದಾಗಲೇ ಪಂಪಿನ ಒತ್ತಡ ಅಳೆಸಿ. ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದ್ದರೂ ಉಸಿರು ಕಟ್ಟುತ್ತದೆ. ಇದಕ್ಕೆ ಮೆಕ್ಯಾನಿಕ್ ಬಳಿ ವ್ಯಾಕ್ಯೂಮ್ ಗೇಜ್ ಬೇಕು: ಎಂಜಿನ್ ವೇಗವನ್ನು 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ಮೆಲ್ಲಗೆ ಇಳಿಯುತ್ತಾ ಹೋದರೆ ಹೊಗೆಗೆ ಹೊರದಾರಿ ಇಲ್ಲ ಎಂದರ್ಥ.

ಇಷ್ಟಾದ ಮೇಲೂ ಗ್ಯಾರೇಜಿಗೆ ಕೊಡಬೇಕಾಗಿ ಬಂದರೆ ಬೆಳಿಗ್ಗೆ ಬಿಟ್ಟು ಹೋಗಬೇಡಿ. ಮಧ್ಯಾಹ್ನ ಎರಡಕ್ಕೆ, ಅರ್ಧ ಗಂಟೆ ಓಡಿಸಿ ಕಾದ ಗಾಡಿಯನ್ನೇ ಒಯ್ಯಿರಿ. ಚೀಟಿ ಕೈಗೆ ಕೊಟ್ಟು, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದು ಮುಗ್ಗರಿಸುವ ಜಾಗಕ್ಕೇ ಕರೆದುಕೊಂಡು ಹೋಗಿ.